ಅಮೆರಿಕದ ಕ್ರಾಂತಿ ಸೇನೆಗೆ ದುಡ್ಡು ಕೊಟ್ಟವರು ಯಾರು, ಊಟ ಹಾಕಿದವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದ್ರೆ ವಾಷಿಂಗ್ಟನ್, ಚಹಾ ಪೆಟ್ಟಿಗೆಗಳು, ಜುಲೈ 4 ನೆನಪಾಗುತ್ತವೆ. ಎಂಟು ವರ್ಷ ಸೇನೆ ಸಾಕಿದ ಲೆಕ್ಕವನ್ನು ಕೇಳುವವರು ಕಮ್ಮಿ. ಕೇಳಿದವರಿಗೂ ಸಿಗುವ ಉತ್ತರ ಒಂದೇ: ‘ಫ್ರಾನ್ಸ್ ಸಹಾಯ ಮಾಡಿತು’. ಅದು ನಿಜವೇ, ಆದರೆ ಲೆಕ್ಕದ ಪುಸ್ತಕದ ಒಂದು ಪುಟ ಅಷ್ಟೇ.

ಯುದ್ಧ ನಡೆಸಿದ ಸರ್ಕಾರ ಯಾವುದು?

ಕಾಂಟಿನೆಂಟಲ್ ಕಾಂಗ್ರೆಸ್. ಬ್ರಿಟನ್ನಿನ 13 ವಸಾಹತುಗಳು (ಮುಂದೆ ಇವೇ ರಾಜ್ಯಗಳಾದವು) ಕಳಿಸಿದ ಪ್ರತಿನಿಧಿಗಳ ಸಭೆ ಅದು. ಹೆಚ್ಚಾಗಿ ಫಿಲಡೆಲ್ಫಿಯಾದಲ್ಲಿ ಸೇರುತ್ತಿತ್ತು. 1775ರ ಜೂನ್ 14ರಂದು ಸೇನೆ ಕಟ್ಟುವ ನಿರ್ಧಾರವಾಯಿತು, ಮಾರನೇ ದಿನ ಜಾರ್ಜ್ ವಾಷಿಂಗ್ಟನ್ ದಂಡನಾಯಕರಾದರು. ಆಗ ಕಾಂಗ್ರೆಸ್ಸಿಗೆ ಖಜಾನೆ ಇರಲಿಲ್ಲ, ಕಂದಾಯ ಇಲಾಖೆ ಇರಲಿಲ್ಲ, ಒಂದು ಬ್ಯಾಂಕೂ ಇರಲಿಲ್ಲ. ಮೊದಲು ಸೇನೆ ಬಂತು, ದುಡ್ಡಿನ ಯೋಚನೆ ಒಂದು ವಾರ ಬಿಟ್ಟು ಶುರುವಾಯಿತು.

ತೆರಿಗೆ ಹಾಕಬಹುದಿತ್ತಲ್ವಾ?

ಆಗುತ್ತಿರಲಿಲ್ಲ. ಜನ ಬಂದೂಕು ಎತ್ತಿದ್ದೇ ದೂರದ ಪಾರ್ಲಿಮೆಂಟು ತಮ್ಮನ್ನು ಕೇಳದೆ ತೆರಿಗೆ ಹಾಕಿತು ಅಂತ. ಅಂಥವರ ಮೇಲೆ ಫಿಲಡೆಲ್ಫಿಯಾದಿಂದ ಹೊಸ ತೆರಿಗೆ ಹೇರಲು ಯಾರಿಗೂ ಧೈರ್ಯವಿರಲಿಲ್ಲ, ಅಧಿಕಾರವಂತೂ ಇರಲೇ ಇಲ್ಲ. ಕಾಂಗ್ರೆಸ್ ಮಾಡಬಹುದಾಗಿದ್ದು ಒಂದೇ ಕೆಲಸ: ‘ನಿಮ್ಮ ಪಾಲು ಇಷ್ಟು, ದಯವಿಟ್ಟು ಕಳಿಸಿ’ ಎಂದು ರಾಜ್ಯಗಳಿಗೆ ಬರೆಯುವುದು. ರಾಜ್ಯಗಳು ಸ್ವಲ್ಪ ಕಳಿಸುತ್ತಿದ್ದವು, ತಡವಾಗಿ ಕಳಿಸುತ್ತಿದ್ದವು, ಕೆಲವು ಸಲ ಸುಮ್ನೆ ಕೂರುತ್ತಿದ್ದವು.

1781ರಲ್ಲಿ ಆಮದು ಸರಕಿನ ಮೇಲೆ ಶೇಕಡಾ 5 ಸುಂಕ ಹಾಕಲು ಕಾಂಗ್ರೆಸ್ ಅನುಮತಿ ಕೇಳಿತು. ಅದಕ್ಕೆ 13 ರಾಜ್ಯಗಳೂ ಒಪ್ಪಬೇಕಿತ್ತು. 1782ರಲ್ಲಿ ಪುಟಾಣಿ ರೋಡ್ ಐಲೆಂಡ್ ‘ಆಗಲ್ಲ’ ಅಂದಿತು. ಕತೆ ಅಲ್ಲಿಗೇ ಮುಗಿಯಿತು.

ಹಾಗಾದ್ರೆ ಮೊದಲ ದುಡ್ಡು ಬಂದಿದ್ದು ಎಲ್ಲಿಂದ?

ಅಚ್ಚುಕೂಟದಿಂದ. 1775ರ ಜೂನ್ 22ರಂದು 20 ಲಕ್ಷ ಡಾಲರ್ ಮೊತ್ತದ ಕಾಗದದ ನೋಟು ಹೊರಡಿಸಲು ಕಾಂಗ್ರೆಸ್ ಒಪ್ಪಿತು. ಆ ಡಾಲರ್ ಅಂದ್ರೆ ಸ್ಪೇನಿನ ಬೆಳ್ಳಿ ನಾಣ್ಯ. ಆಗ ಅಲ್ಲಿ ಚಲಾವಣೆಯಲ್ಲಿದ್ದದ್ದು ಅದೇ. ನೋಟು ತಂದವರಿಗೆ ಮುಂದೊಂದು ದಿನ ಅಷ್ಟೇ ಬೆಳ್ಳಿ ಸಿಗುತ್ತದೆ ಅನ್ನುವುದು ಭರವಸೆ. ಬೆಳ್ಳಿ ಎಲ್ಲಿದೆ ಅಂತ ಮಾತ್ರ ಯಾರೂ ಕೇಳಬಾರದು.

ನೋಟುಗಳನ್ನು ಮಾಡಿದ ರೀತಿ ಮಾತ್ರ ಚೆನ್ನಾಗಿತ್ತು. ಹಿಂಬದಿಯಲ್ಲಿ ನಿಜವಾದ ಮರದೆಲೆಯ ಅಚ್ಚು, ಅದರ ನರನರವೂ ಕಾಣುವಂತೆ. ಹಿಂದೆ ಮುದ್ರಕರಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ರೂಢಿಗೆ ತಂದ ಉಪಾಯ ಅದು. ಒಂದು ಎಲೆಯಂತೆ ಇನ್ನೊಂದು ಎಲೆ ಇರುವುದಿಲ್ಲವಾದ್ದರಿಂದ ಕೆತ್ತಿ ನಕಲು ಮಾಡುವುದು ಕಷ್ಟ. ಕಾಗದದ ತಿರುಳಿನಲ್ಲಿ ಅಭ್ರಕದ ಚೂರುಗಳನ್ನು ಬೆರೆಸುತ್ತಿದ್ದರು, ಬೆಳಕಿಗೆ ಹಿಡಿದರೆ ಮಿಣಮಿಣ ಅನ್ನುತ್ತಿತ್ತು. ಪ್ರತಿ ನೋಟಿಗೂ ಕೈಯಲ್ಲೇ ನಂಬರ್ ಬರೆದು ಸಹಿ ಹಾಕುತ್ತಿದ್ದರು. ಲಕ್ಷಗಟ್ಟಲೆ ನೋಟುಗಳಿಗೆ ಹೀಗೆ ಕೂತು ಸಹಿ ಹಾಕಿದವರ ಬೆರಳುಗಳ ಗತಿ ಏನಾಗಿರಬೇಕು!

ಆ ನೋಟಿನ ಬೆಲೆ ಬಿದ್ದಿದ್ದು ಬ್ರಿಟಿಷರ ಖೋಟಾ ನೋಟುಗಳಿಂದಾನಾ?

ಖೋಟಾ ನೋಟು ಇದ್ದಿದ್ದು ಹೌದು. ಬ್ರಿಟಿಷರ ಹಿಡಿತದಲ್ಲಿದ್ದ ನ್ಯೂಯಾರ್ಕಿನಲ್ಲಿ 1777ರಲ್ಲಿ ಪತ್ರಿಕೆಯಲ್ಲೇ ಜಾಹೀರಾತು ಬಂದಿತ್ತು: ಬೇರೆ ಕಡೆ ಹೊರಟವರಿಗೆ ನಕಲಿ ಕಾಂಗ್ರೆಸ್ ನೋಟು ಬೇಕಾದಷ್ಟು ಸಿಗುತ್ತದೆ, ಕಾಗದದ ಖರ್ಚು ಕೊಟ್ಟರೆ ಸಾಕು! ಆದರೆ ದೊಡ್ಡ ಕಾರಣ ಅದಲ್ಲ. ಕಾಂಗ್ರೆಸ್ಸೇ ಅಚ್ಚು ಹಾಕುತ್ತಾ ಹೋಯಿತು. 1779ರ ಕೊನೆಗೆ ಒಟ್ಟು ಸುಮಾರು 24 ಕೋಟಿ ಡಾಲರ್ ನೋಟು ಹೊರಬಿದ್ದಿತ್ತು. ರಾಜ್ಯಗಳು ತಮ್ಮದೇ ನೋಟುಗಳನ್ನು ಬೇರೆ ಹೊರಡಿಸಿದ್ದವು. ಕಾಂಗ್ರೆಸ್ಸಿನ ನೋಟುಗಳು ತೆರಿಗೆಯ ರೂಪದಲ್ಲಿ ವಾಪಸ್ ಬರಬೇಕಿತ್ತು, ಬರಲಿಲ್ಲ.

ಈ ನೋಟು ಬೇಡ ಅನ್ನುವವರು ದೇಶದ ಶತ್ರುಗಳು ಎಂದು 1776ರ ಜನವರಿಯಲ್ಲೇ ಠರಾವು ಮಾಡಿದ್ದರು. ಹೆದರಿಸಿದರೆ ಅಂಗಡಿಯವನು ನೋಟು ತಗೊಳ್ಳುತ್ತಾನೆ, ನಿಜ. ಆದರೆ ಬೆಲೆ ಏರಿಸಿ ತಗೊಳ್ಳುತ್ತಾನೆ, ಇಲ್ಲವಾದರೆ ಸಾಮಾನನ್ನೇ ಒಳಗಿಡುತ್ತಾನೆ. ಒಂದು ಗಾಡಿ ತುಂಬ ದುಡ್ಡು ಕೊಟ್ಟರೂ ಒಂದು ಗಾಡಿ ದವಸ ಸಿಗುವುದು ಕಷ್ಟವಾಗಿದೆ ಎಂದು 1779ರಲ್ಲಿ ವಾಷಿಂಗ್ಟನ್ ಪತ್ರ ಬರೆದರು. 1780ರ ಮಾರ್ಚ್ 18ರಂದು ಕಾಂಗ್ರೆಸ್ ಕೈ ಎತ್ತಿತು: ಇನ್ನು 40 ಕಾಗದದ ಡಾಲರಿಗೆ ಒಂದೇ ಬೆಳ್ಳಿ ಡಾಲರ್. 1781ರ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಜನ ನೋಟುಗಳನ್ನು ಟೋಪಿಗೆ ಸಿಕ್ಕಿಸಿಕೊಂಡು ಮೆರವಣಿಗೆ ಹೊರಟರು. ಜೊತೆಯಲ್ಲಿ ಡಾಂಬರು ಮೆತ್ತಿ ನೋಟು ಅಂಟಿಸಿದ ಒಂದು ನಾಯಿಯೂ ಇತ್ತಂತೆ.

ಇದನ್ನು ಮೋಸ ಅನ್ನುವವರಿದ್ದಾರೆ. ನನಗೆ ಅದು ಹೆಸರಿಲ್ಲದ ತೆರಿಗೆಯಂತೆ ಕಾಣುತ್ತದೆ. ನೋಟು ಯಾರ ಕೈಯಲ್ಲಿದ್ದಾಗ ಎಷ್ಟು ಬೆಲೆ ಕಳೆದುಕೊಂಡಿತೋ ಅಷ್ಟು ತೆರಿಗೆಯನ್ನು ಅವರು ಕಟ್ಟಿದ ಹಾಗಾಯಿತು. ಮೊದಲ ನಾಲ್ಕೈದು ವರ್ಷದ ಯುದ್ಧ ನಡೆದದ್ದು ಹೆಚ್ಚಾಗಿ ಹೀಗೇ. ಜಾಸ್ತಿ ಕಟ್ಟಿದವರು ದಿನಗೂಲಿಯವರು, ವಿಧವೆಯರು, ಸಂಬಳದ ಸಿಪಾಯಿಗಳು. ಜಮೀನು, ಹಡಗು ಇದ್ದವರು ನೋಟು ಕೈಗೆ ಬಂದ ತಕ್ಷಣ ದಾಟಿಸಿಬಿಡುತ್ತಿದ್ದರು.

ಸಿಪಾಯಿಗೆ ದಿನಕ್ಕೆ ಎಷ್ಟು ಊಟ ಸಿಗಬೇಕಿತ್ತು?

ಕಾಗದದ ಮೇಲೆ ಭರ್ಜರಿ. 1775ರ ನವೆಂಬರ್‌ನಲ್ಲಿ ನಿಗದಿಯಾದ ರೇಷನ್ ಪ್ರಕಾರ ತಲಾ ದಿನಕ್ಕೆ ಒಂದು ಪೌಂಡ್ ದನದ ಮಾಂಸ, ಅದಿಲ್ಲದಿದ್ದರೆ ಮುಕ್ಕಾಲು ಪೌಂಡ್ ಹಂದಿ ಮಾಂಸ ಅಥವಾ ಒಂದು ಪೌಂಡ್ ಉಪ್ಪುಮೀನು. ಒಂದು ಪೌಂಡ್ ಬ್ರೆಡ್ ಅಥವಾ ಹಿಟ್ಟು, ಒಂದು ಪೈಂಟ್ ಹಾಲು, ಕುಡಿಯಲು ಸೈಡರ್ ಅಥವಾ ಸ್ಪ್ರೂಸ್ ಮರದ ಚಿಗುರಿನ ಬಿಯರ್. ವಾರಕ್ಕಾಗುವಷ್ಟು ಬಟಾಣಿ ಅಥವಾ ಬೀನ್ಸ್ ಕಾಳು, ಸ್ವಲ್ಪ ಅಕ್ಕಿ ಇಲ್ಲವೇ ಮೆಕ್ಕೆಜೋಳದ ಹಿಟ್ಟು. ನೂರು ಜನಕ್ಕೆ ಇಷ್ಟು ಮೇಣದಬತ್ತಿ, ಇಷ್ಟು ಸೋಪು ಅಂತಲೂ ಬರೆದಿದ್ದರು. ಸಂಬಳ ತಿಂಗಳಿಗೆ 6 ಡಾಲರ್, ಮೇಲೆ ಇನ್ನೊಂದು ಡಾಲರಿನ ಮೂರನೇ ಎರಡು ಭಾಗ.

1779ರಲ್ಲಿ ನ್ಯೂಜೆರ್ಸಿಯ ಅಧಿಕಾರಿಗಳು ತಮ್ಮ ಶಾಸನಸಭೆಗೆ ಕೊಟ್ಟ ಅರ್ಜಿಯಲ್ಲಿ ಈ ಸಂಬಳದ ಯೋಗ್ಯತೆ ಹೇಳಿದ್ದಾರೆ: ನಾಲ್ಕು ತಿಂಗಳ ಸಂಬಳ ಒಟ್ಟು ಹಾಕಿದರೂ ಸಿಪಾಯಿಯ ಹೆಂಡತಿ ಮಕ್ಕಳಿಗೆ ಒಂದು ಬುಶೆಲ್ (ಸುಮಾರು 27 ಕಿಲೋ) ಗೋಧಿ ಬರುವುದಿಲ್ಲ.

ವ್ಯಾಲಿ ಫೋರ್ಜ್‌ನಲ್ಲಿ ಸೈನಿಕರು ಉಪವಾಸ ಬಿದ್ದಿದ್ದು ದೇಶದಲ್ಲಿ ಬರ ಇತ್ತು ಅಂತಾನಾ?

ಇಲ್ಲ. ಇದನ್ನೇ ಜನ ಹೆಚ್ಚಾಗಿ ತಪ್ಪು ತಿಳಿಯುವುದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1777ರ ಡಿಸೆಂಬರ್ 19ರಂದು ಸುಮಾರು 12,000 ಜನ ಪೆನ್ಸಿಲ್ವೇನಿಯಾದ ಆ ಜಾಗಕ್ಕೆ ಬಂದು ಬಿಡಾರ ಹೂಡಿದರು. ನಾಲ್ಕು ದಿನ ಬಿಟ್ಟು ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಬರೆದ ಪತ್ರದಲ್ಲಿ ಒಂದು ಲೆಕ್ಕವಿದೆ: 2,898 ಜನ ಕೆಲಸಕ್ಕೆ ಬರುವ ಸ್ಥಿತಿಯಲ್ಲಿಲ್ಲ, ಕಾರಣ ಕಾಲಿಗೆ ಚಪ್ಪಲಿ ಇಲ್ಲ, ಮೈಗೆ ಬಟ್ಟೆ ಇಲ್ಲ. ಹೀಗೇ ಆದರೆ ಸೇನೆ ಉಪವಾಸ ಸಾಯುತ್ತದೆ, ಇಲ್ಲವೇ ಚೆದುರಿಹೋಗುತ್ತದೆ ಎಂದೂ ಬರೆದರು. ಸಿಪಾಯಿಗಳು ಹಿಟ್ಟಿಗೆ ನೀರು ಕಲಸಿ, ಬಿಸಿ ಕಲ್ಲಿನ ಮೇಲೆ ಬೇಯಿಸಿ ತಿನ್ನುತ್ತಿದ್ದರು. ಉಪ್ಪೂ ಇರುತ್ತಿರಲಿಲ್ಲ. ವಸಂತ ಕಳೆಯುವಷ್ಟರಲ್ಲಿ ಸುಮಾರು 2,000 ಜನ ಸತ್ತರು, ಬಹುಪಾಲು ಕಾಯಿಲೆಯಿಂದ.

ಅದೇ ಹೊತ್ತಿಗೆ ಸುತ್ತಲಿನ ರೈತರ ಕಣಜದಲ್ಲಿ ಧಾನ್ಯ ಇತ್ತು. ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿದ್ದ ಫಿಲಡೆಲ್ಫಿಯಾದಲ್ಲಿ ಬ್ರಿಟಿಷ್ ಸೇನೆ ಬೀಡುಬಿಟ್ಟಿತ್ತು. ಅವರು ಗಟ್ಟಿ ನಾಣ್ಯ ಕೊಡುತ್ತಿದ್ದರು, ವಾಷಿಂಗ್ಟನ್ ಕಡೆಯವರು ಕೊಡುತ್ತಿದ್ದದ್ದು ಕಾಗದ. ರೈತ ಗಾಡಿಯನ್ನು ಯಾವ ಕಡೆ ಹೊಡೆಯುತ್ತಾನೆ, ಹೇಳಿ? ಸಿಕ್ಕಿಬಿದ್ದವರಿಗೆ ಶಿಕ್ಷೆಯಾದರೂ ವ್ಯಾಪಾರ ನಿಲ್ಲಲಿಲ್ಲ.

ಇನ್ನೊಂದು ತೊಂದರೆ ಸಾಗಾಟದ್ದು. ಸರ್ಕಾರ ಕೊಡುವ ಬಾಡಿಗೆ ಖಾಸಗಿ ಬಾಡಿಗೆಗಿಂತ ಕಮ್ಮಿ, ಅದಕ್ಕೇ ಗಾಡಿಯವರು ಬರುತ್ತಿರಲಿಲ್ಲ. ಮೇವಿಲ್ಲದೆ ನೂರಾರು ಕುದುರೆಗಳು ಬಿಡಾರದಲ್ಲೇ ಸತ್ತವು. ಕುದುರೆ ಸತ್ತರೆ ಗಾಡಿ ಹೋಗಲ್ಲ, ಗಾಡಿ ಹೋಗದಿದ್ದರೆ ಉಳಿದ ಕುದುರೆಗಳಿಗೂ ಮೇವು ಬರಲ್ಲ. ಎಲ್ಲೋ ಉಗ್ರಾಣದಲ್ಲಿ ಸಾಮಾನು ಬಿದ್ದಿರುತ್ತಿತ್ತು, ಇಲ್ಲಿ ಸಿಪಾಯಿ ಕಾಲಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದ.

ಮೂರನೆಯದು ಕಾಂಗ್ರೆಸ್ಸೇ ತಂದುಕೊಂಡ ತಾಪತ್ರಯ. ಆಹಾರ ಸರಬರಾಜಿನ ಮುಖ್ಯಸ್ಥ ಜೋಸೆಫ್ ಟ್ರಂಬಲ್ ಒಳ್ಳೆಯ ಕೆಲಸಗಾರ. 1777ರ ಬೇಸಿಗೆಯಲ್ಲಿ ಕಾಂಗ್ರೆಸ್ ಇಲಾಖೆಯನ್ನು ಕಲಕಿ ಹೊಸ ನಿಯಮ ಮಾಡಿತು. ಕೊಂಡ ಪ್ರತಿ ದನದ ಬಣ್ಣ, ಮೈಮೇಲಿನ ಗುರುತು ಸಹ ದಫ್ತರದಲ್ಲಿ ಬರೆಯಬೇಕಂತೆ! ಕಮಿಷನ್ ಇಲ್ಲ, ಕೈಕೆಳಗಿನವರನ್ನು ತಾನೇ ನೇಮಿಸುವ ಅಧಿಕಾರವೂ ಇಲ್ಲ. ಅವನು ಬಿಟ್ಟು ಹೋದ. ಸಾಗಾಟ ನೋಡಬೇಕಿದ್ದ ಕ್ವಾರ್ಟರ್‌ಮಾಸ್ಟರ್ ಜನರಲ್ ಥಾಮಸ್ ಮಿಫ್ಲಿನ್ ಕೂಡ ಅದೇ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ. ಚಳಿಗಾಲ ಬಂದಾಗ ಎರಡೂ ಇಲಾಖೆಗಳಲ್ಲಿ ಸರಿಯಾಗಿ ನಡೆಸುವವರು ಇರಲಿಲ್ಲ.

ಆಮೇಲೆ ಸರಿ ಮಾಡಿದವರು ಯಾರು?

ನಥಾನಿಯೆಲ್ ಗ್ರೀನ್. 1778ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು. ಮನಸ್ಸಿಲ್ಲದೆ ಒಪ್ಪಿಕೊಂಡ ಕೆಲಸ. ರಣರಂಗದ ದಂಡನಾಯಕನಿಗೆ ಗಾಡಿ, ಹುಲ್ಲು, ಹಗ್ಗದ ಲೆಕ್ಕ ಯಾಕೆ ಬೇಕು? ಆದರೂ ದಾರಿಯುದ್ದಕ್ಕೂ ಮೇವಿನ ದಾಸ್ತಾನು ಕೂಡಿಟ್ಟರು, ಗಾಡಿ ಜೋಡಿಸಿದರು. ಆಹಾರದ ಕಡೆ ಜೆರೆಮಯಾ ವಾಡ್ಸ್‌ವರ್ತ್ ಬಂದರು. 1779ರ ಕೊನೆಯ ಚಳಿಗಾಲ ಬರುವವರೆಗೆ ಸೇನೆ ತಕ್ಕಮಟ್ಟಿಗೆ ತಿಂದುಂಡಿತು.

ಇವರಿಗೆಲ್ಲ ಸಿಗುತ್ತಿದ್ದದ್ದು ಖರ್ಚಿನ ಮೇಲೆ ಕಮಿಷನ್. ಗ್ರೀನ್ ಮತ್ತು ಇಬ್ಬರು ಸಹಾಯಕರು ಶೇಕಡಾ 1ನ್ನು ಮೂರು ಪಾಲು ಮಾಡಿಕೊಳ್ಳುತ್ತಿದ್ದರು. ಬೆಲೆ ಏರಿದಷ್ಟೂ ಕಮಿಷನ್ ಏರುತ್ತದೆ, ಅಲ್ವಾ? ಜನ ಬೈದರು, ಕಾಂಗ್ರೆಸ್ ಅನುಮಾನಪಟ್ಟಿತು, 1780ರಲ್ಲಿ ಗ್ರೀನ್ ಬೇಸತ್ತು ಬಿಟ್ಟರು. ಪದ್ಧತಿ ಕೆಟ್ಟದ್ದೇ. ಆದರೆ ಬೀಳುತ್ತಿರುವ ನೋಟಿನಲ್ಲಿ ಬರೀ ಸಂಬಳಕ್ಕೆ ಈ ಕೆಲಸ ಮಾಡುವ ಸಮರ್ಥರು ಸಿಗುತ್ತಿದ್ದರೇ? ನನಗಂತೂ ನಂಬಿಕೆಯಿಲ್ಲ.

ರೈತರಿಂದ ಬಲವಂತವಾಗಿ ಕಿತ್ತುಕೊಂಡರಾ?

ಕಿತ್ತುಕೊಂಡರು, ಜೊತೆಗೆ ಒಂದು ಚೀಟಿ ಕೊಟ್ಟರು. 1778ರ ಫೆಬ್ರವರಿಯಲ್ಲಿ ವ್ಯಾಲಿ ಫೋರ್ಜ್ ಸುತ್ತ ಗ್ರೀನ್ ದಂಡು ಕಟ್ಟಿಕೊಂಡು ಹೋಗಿ ದನ, ಕುದುರೆ, ಗಾಡಿ ಎಲ್ಲ ಎಳೆತಂದರು. ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಸೇನೆ ಕಳೆದ 1779–80ರ ಚಳಿಗಾಲ ವ್ಯಾಲಿ ಫೋರ್ಜ್‌ಗಿಂತಲೂ ಕಠಿಣವಾಗಿತ್ತು, ನ್ಯೂಯಾರ್ಕ್ ಬಂದರೇ ಹೆಪ್ಪುಗಟ್ಟಿತ್ತು. ಆಗ ವಾಷಿಂಗ್ಟನ್ ನ್ಯೂಜೆರ್ಸಿಯ ಕೌಂಟಿಗಳಿಗೆ ಇಂತಿಷ್ಟು ಧಾನ್ಯ, ಇಂತಿಷ್ಟು ದನ ಎಂದು ಹಂಚಿಬಿಟ್ಟರು. ಕೊಟ್ಟರೆ ಸರಿ, ಇಲ್ಲವಾದರೆ ಸೇನೆಯೇ ಬಂದು ತಗೊಳ್ಳುತ್ತದೆ. ಬಹುತೇಕ ಕಡೆ ಜನ ತಾವಾಗಿಯೇ ತಂದುಕೊಟ್ಟರು.

ಚೀಟಿಯಲ್ಲಿ ‘ಇಷ್ಟು ಹಿಟ್ಟು ಪಡೆದಿದ್ದೇವೆ, ಇಷ್ಟು ಹಣ ಕೊಡಬೇಕು’ ಎಂದಿರುತ್ತಿತ್ತು. ಹಣ ಯಾವಾಗ ಸಿಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ಇಂಥ ಚೀಟಿಗಳೇ ಒಂದು ಬಗೆಯ ದುಡ್ಡಾಗಿಬಿಟ್ಟವು.

1780ರಲ್ಲಿ ಕಾಂಗ್ರೆಸ್ ಇನ್ನೊಂದು ದಾರಿ ಹಿಡಿಯಿತು. ದುಡ್ಡು ಬೇಡ, ಮಾಂಸ, ಹಿಟ್ಟು, ರಮ್ಮು, ಹುಲ್ಲನ್ನೇ ಕಳಿಸಿ ಎಂದು ರಾಜ್ಯಗಳಿಗೆ ಹೇಳಿತು. ಸಾಮಾನು ಒಂದು ಕಡೆ ರಾಶಿ ಬಿತ್ತು, ಸೇನೆ ಇನ್ನೊಂದು ಕಡೆ ಇತ್ತು. ಗಾಡಿಗೆ ದುಡ್ಡು? ಅದು ಮತ್ತೆ ಇಲ್ಲ.

ಮದ್ದುಗುಂಡು ಎಲ್ಲಿಂದ ಬರುತ್ತಿತ್ತು?

ಶುರುವಿನಲ್ಲಿ ಎಲ್ಲಿಂದಲೂ ಇಲ್ಲ. 1775ರ ಆಗಸ್ಟ್‌ನಲ್ಲಿ ಬಾಸ್ಟನ್ ಮುತ್ತಿಗೆ ನಡೆಯುತ್ತಿದ್ದಾಗ ವಾಷಿಂಗ್ಟನ್ ದಾಸ್ತಾನು ಎಣಿಸಿದರು. ಮ್ಯಾಸಚೂಸೆಟ್ಸ್‌ನ ಉಗ್ರಾಣದಲ್ಲಿ ಮುನ್ನೂರಕ್ಕೂ ಹೆಚ್ಚು ಪೀಪಾಯಿ ಮದ್ದು ಇದೆ ಅಂದುಕೊಂಡಿದ್ದರು, ಇದ್ದದ್ದು 36. ಅಕ್ಕಪಕ್ಕದ ವಸಾಹತುಗಳದ್ದನ್ನು ಸೇರಿಸಿದರೂ ಒಬ್ಬೊಬ್ಬನಿಗೆ ಒಂಬತ್ತು ಸಲ ಹೊಡೆಯುವಷ್ಟು. ಸುದ್ದಿ ಕೇಳಿ ಅವರು ಅರ್ಧ ಗಂಟೆ ಬಾಯಿ ಬಿಡಲಿಲ್ಲ ಎಂದು ಪಕ್ಕದಲ್ಲಿದ್ದ ಜನರಲ್ ಜಾನ್ ಸಲಿವನ್ ಬರೆದಿದ್ದಾರೆ.

ಮದ್ದಿಗೆ ಗಂಧಕ, ಇದ್ದಿಲು, ಪೆಟ್ಲುಪ್ಪು ಬೇಕು. ಪೆಟ್ಲುಪ್ಪೇ ಸಿಗದ ವಸ್ತು. ಬ್ರಿಟಿಷರಿಗೆ ಆ ಚಿಂತೆ ಇರಲಿಲ್ಲ, ಈಸ್ಟ್ ಇಂಡಿಯಾ ಕಂಪನಿ ಬಿಹಾರದಿಂದ ಹಡಗುಗಟ್ಟಲೆ ಸಾಗಿಸುತ್ತಿತ್ತು. ಅಮೆರಿಕನ್ನರು ಕೊಟ್ಟಿಗೆ, ನೆಲಮಾಳಿಗೆಗಳ ಮಣ್ಣು ಕೆರೆದು ಪೆಟ್ಲುಪ್ಪು ತೆಗೆಯಲು ಕೈಪಿಡಿ ಹಂಚಿದರು. ಸಾಕಾಗಲಿಲ್ಲ. ಮೊದಲ ಎರಡೂವರೆ ವರ್ಷ ಬಳಸಿದ ಮದ್ದಿನಲ್ಲಿ ಸುಮಾರು ಶೇಕಡಾ 90ರಷ್ಟು ಹೊರಗಿನದು, ಇಲ್ಲವೇ ಹೊರಗಿನ ಪೆಟ್ಲುಪ್ಪಿನಿಂದ ಮಾಡಿದ್ದು. ಬಹಳಷ್ಟು ಬಂದದ್ದು ಕೆರಿಬಿಯನ್ ದ್ವೀಪಗಳ ದಾರಿಯಲ್ಲಿ, ಅದರಲ್ಲೂ ಡಚ್ಚರ ಸೇಂಟ್ ಯುಸ್ಟೇಷಿಯಸ್ ಎಂಬ ಚಿಕ್ಕ ದ್ವೀಪದಿಂದ. ತಂಬಾಕು ಕೊಟ್ಟು ಮದ್ದು ತರುತ್ತಿದ್ದರು. 1781ರಲ್ಲಿ ಬ್ರಿಟಿಷ್ ಅಡ್ಮಿರಲ್ ರಾಡ್ನಿ ಆ ದ್ವೀಪವನ್ನು ಹಿಡಿದು ದೋಚಿದರು.

ಫ್ರಾನ್ಸ್ ಕೊಟ್ಟಿದ್ದು ಎಷ್ಟು?

ಮೊದಲು ಕದ್ದುಮುಚ್ಚಿ. 1776ರಲ್ಲಿ ಫ್ರಾನ್ಸಿನ ರಾಜ 10 ಲಕ್ಷ ಲಿವ್ರ್ (ಆಗಿನ ಫ್ರೆಂಚ್ ಹಣ), ಸ್ಪೇನಿನ ರಾಜ ಅಷ್ಟೇ ಮೊತ್ತ ಕೊಟ್ಟರು. ಆ ಹಣದಲ್ಲಿ ನಾಟಕಕಾರ ಬೋಮಾರ್ಶೆ ‘ರೊಡ್ರಿಗ್ ಹೋರ್ತಾಲೆಜ್’ ಅಂತ ಒಂದು ತೋರಿಕೆಯ ವ್ಯಾಪಾರಿ ಕಂಪನಿ ತೆರೆದ. 1777ರಲ್ಲಿ ಅವನ ಹಡಗುಗಳು ಬಂದೂಕು, ಫಿರಂಗಿ, ಮದ್ದು, ಬಟ್ಟೆ ಹೊತ್ತು ಅಮೆರಿಕದ ಪೋರ್ಟ್ಸ್‌ಮತ್ ಬಂದರಿಗೆ ಬಂದವು. ಆ ವರ್ಷದ ಅಕ್ಟೋಬರ್‌ನಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. ಪಾಪ, ಅವನ ಬಾಕಿ ಅವನು ಬದುಕಿರುವವರೆಗೆ ತೀರಲಿಲ್ಲ. ವಾರಸುದಾರರಿಗೆ 1835ರಲ್ಲಿ 8 ಲಕ್ಷ ಫ್ರಾಂಕ್ ಕೊಟ್ಟು ಲೆಕ್ಕ ಮುಗಿಸಿದರು.

1778ರ ಫೆಬ್ರವರಿ 6ರ ಒಪ್ಪಂದದ ಮೇಲೆ ಎಲ್ಲವೂ ಬಹಿರಂಗ. 1782ರವರೆಗೆ ಫ್ರಾನ್ಸ್ 180 ಲಕ್ಷ ಲಿವ್ರ್ ಸಾಲ ಕೊಟ್ಟಿತು, 1783ರಲ್ಲಿ ಇನ್ನೂ 60 ಲಕ್ಷ. ಇನಾಮಾಗಿ ಕೊಟ್ಟದ್ದು ಬೇರೆ. ಪ್ಯಾರಿಸ್‌ನಲ್ಲಿ ಕೂತು ಮತ್ತೆ ಮತ್ತೆ ಕೈಯೊಡ್ಡುವ ಕೆಲಸ ಮುದುಕ ಫ್ರಾಂಕ್ಲಿನ್‌ದು. ಕಾಂಗ್ರೆಸ್ ಅವರನ್ನು ಕೇಳದೆಯೇ ಅವರ ಹೆಸರಿಗೆ ಹುಂಡಿ ಬರೆದು ಕಳಿಸುತ್ತಿತ್ತು. ಡಚ್ಚರಿಂದ 1782ರಲ್ಲಿ ರಾಯಭಾರಿ ಜಾನ್ ಆಡಮ್ಸ್ 50 ಲಕ್ಷ ಗಿಲ್ಡರ್ ಸಾಲ ಎತ್ತಿದರು. ಫ್ರಾನ್ಸಿನ ಸ್ವಂತ ಯುದ್ಧದ ಖರ್ಚು 100 ಕೋಟಿ ಲಿವ್ರ್ ಮುಟ್ಟಿತು. ಅದೂ ಹೆಚ್ಚಾಗಿ ಸಾಲವೇ. ಆ ಸಾಲದ ಬಿಸಿ 1789ರ ಫ್ರೆಂಚ್ ಕ್ರಾಂತಿಯಲ್ಲಿ ಫ್ರಾನ್ಸಿನ ರಾಜನಿಗೆ ತಟ್ಟಿತು.

ಹೆಂಗಸರು ಚಂದಾ ಎತ್ತಿದ್ದು ನಿಜಾನಾ?

ನಿಜ. 1780ರಲ್ಲಿ ಫಿಲಡೆಲ್ಫಿಯಾದಲ್ಲಿ ಎಸ್ತರ್ ರೀಡ್ ಮುಂದಾಳತ್ವದಲ್ಲಿ ಹೆಂಗಸರು ಮನೆಮನೆಗೆ ಹೋಗಿ 3 ಲಕ್ಷ ಕಾಗದದ ಡಾಲರ್ ಕೂಡಿಸಿದರು. ಬೆಳ್ಳಿಯ ಲೆಕ್ಕದಲ್ಲಿ ಅದು ಏಳೂವರೆ ಸಾವಿರ. ಸಿಪಾಯಿಗಳ ಕೈಗೆ ತಲಾ ಎರಡು ಡಾಲರ್ ಗಟ್ಟಿ ನಾಣ್ಯ ಕೊಡೋಣ ಅನ್ನುವುದು ಎಸ್ತರ್ ಆಸೆ. ಬೇಡ, ಶರ್ಟು ಕೊಡಿ ಎಂದರು ವಾಷಿಂಗ್ಟನ್. ಅಷ್ಟರಲ್ಲಿ ಎಸ್ತರ್ ತೀರಿಕೊಂಡರು. ಫ್ರಾಂಕ್ಲಿನ್ ಮಗಳು ಸಾರಾ ಬಾಶ್ ಕೆಲಸ ಮುಂದುವರಿಸಿದರು. ಕೂಲಿ ಉಳಿಸಲು ತಾವೇ ಹೊಲಿದರು, 2,000ಕ್ಕೂ ಹೆಚ್ಚು ಶರ್ಟು. ಪ್ರತಿ ಶರ್ಟಿನ ಮೇಲೂ ಹೊಲಿದವಳ ಹೆಸರಿತ್ತು.

ರಾಬರ್ಟ್ ಮಾರಿಸ್ ತಮ್ಮ ಸ್ವಂತ ದುಡ್ಡಿನಿಂದ ಯುದ್ಧ ಗೆಲ್ಲಿಸಿದರಂತೆ?

ಅರ್ಧ ಸತ್ಯ. ಫಿಲಡೆಲ್ಫಿಯಾದ ದೊಡ್ಡ ವ್ಯಾಪಾರಿ, 1781ರಲ್ಲಿ ಹಣಕಾಸಿನ ಮುಖ್ಯಸ್ಥರಾದರು. ಕೊಟ್ಟದ್ದು ದುಡ್ಡಿಗಿಂತ ಹೆಚ್ಚಾಗಿ ತಮ್ಮ ಹೆಸರು. ಸರ್ಕಾರದ ನೋಟು ನಂಬದವರು ಮಾರಿಸ್ ಸಹಿಯ ಚೀಟಿ ನಂಬುತ್ತಿದ್ದರು. ಸೇನೆಯ ಊಟವನ್ನು ಟೆಂಡರ್ ಕರೆದು ಗುತ್ತಿಗೆಗೆ ಕೊಟ್ಟರು, ತಲಾ ರೇಷನ್‌ಗೆ ಇಷ್ಟು ಪೆನ್ಸ್ ಅಂತ. ಖರ್ಚು ಇಳಿಯಿತು. ಬ್ಯಾಂಕ್ ಆಫ್ ನಾರ್ತ್ ಅಮೆರಿಕ 1782ರ ಜನವರಿಯಲ್ಲಿ ಬಾಗಿಲು ತೆರೆಯಿತು. ಅದಕ್ಕೆ ಬಂಡವಾಳವಾಗಿದ್ದು ಹೆಚ್ಚಾಗಿ ಬಾಸ್ಟನ್ನಿಗೆ ಬಂದಿಳಿದ ಫ್ರೆಂಚ್ ಬೆಳ್ಳಿ. ಸ್ವಂತ ವ್ಯಾಪಾರ, ಸರ್ಕಾರಿ ಕೆಲಸ ಎರಡನ್ನೂ ಬೆರೆಸಿದರು ಎಂಬ ದೂರು ಅವರ ಮೇಲೆ ಕೊನೆಯವರೆಗೂ ಇತ್ತು. ಮುಂದೆ ಜಮೀನಿನ ಜೂಜಿನಲ್ಲಿ ಮುಳುಗಿ, ಸಾಲಗಾರರ ಜೈಲಿನಲ್ಲಿ ಮೂರೂವರೆ ವರ್ಷ ಕೂತರು.

ಯಾರ್ಕ್‌ಟೌನ್ ದಂಡಯಾತ್ರೆಗೆ ದುಡ್ಡು?

ಕೈಗಡ. 1781ರ ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ, ವರ್ಜೀನಿಯಾದ ಯಾರ್ಕ್‌ಟೌನ್ ಕಡೆ ನಡೆಯುತ್ತಿದ್ದ ಸಿಪಾಯಿಗಳು ಒಂದು ತಿಂಗಳ ಸಂಬಳವಾದರೂ ನಾಣ್ಯದಲ್ಲಿ ಬೇಕು ಎಂದು ಗೊಣಗತೊಡಗಿದರು. ಮಾರಿಸ್ ಫ್ರೆಂಚ್ ಜನರಲ್ ರೋಶಾಂಬೋ ಹತ್ತಿರ 20,000 ಡಾಲರ್ ಬೆಳ್ಳಿ ಕೇಳಿ ತಂದು ಬಟವಾಡೆ ಮಾಡಿಸಿದರು. ಫ್ರೆಂಚ್ ನೌಕಾಪಡೆಗೆ ಕ್ಯೂಬಾದ ಹವಾನಾದಲ್ಲಿ 5 ಲಕ್ಷ ಪೆಸೊ ಸಿಕ್ಕಿತು. ಸ್ಪೇನಿನ ಅಧಿಕಾರಿ ಸಾವೆದ್ರಾ ಅದನ್ನು ಕೆಲವೇ ಗಂಟೆಗಳಲ್ಲಿ ಊರಿನವರಿಂದ ಎತ್ತಿದರು. ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಸೇನೆ ಶರಣಾಯಿತು.

ಸಿಪಾಯಿಗಳು ದಂಗೆ ಏಳಲಿಲ್ಲವಾ?

ಎದ್ದರು. 1781ರ ಜನವರಿ 1ರಂದು ಪೆನ್ಸಿಲ್ವೇನಿಯಾದ ದಂಡು ಸಂಬಳ ಬಾಕಿಗಾಗಿ ತಿರುಗಿಬಿದ್ದು ಫಿಲಡೆಲ್ಫಿಯಾ ಕಡೆ ಹೊರಟಿತು. ಬ್ರಿಟಿಷ್ ಜನರಲ್ ಕ್ಲಿಂಟನ್ ‘ನಾವು ಬಾಕಿ ತೀರಿಸುತ್ತೇವೆ, ಈ ಕಡೆ ಬನ್ನಿ’ ಎಂದು ಇಬ್ಬರನ್ನು ಕಳಿಸಿದರು. ಸಿಪಾಯಿಗಳು ಅವರನ್ನು ಹಿಡಿದು ಒಪ್ಪಿಸಿದರು, ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಕೂಲಿ ಕೇಳಿದವರು ದೇಶದ್ರೋಹಿಗಳಲ್ಲ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಅದೇ ತಿಂಗಳು ನ್ಯೂಜೆರ್ಸಿ ದಂಡು ಎದ್ದಾಗ ವಾಷಿಂಗ್ಟನ್ ಇಬ್ಬರು ಮುಂದಾಳುಗಳನ್ನು ಗುಂಡಿಟ್ಟು ಕೊಲ್ಲಿಸಿದರು.

ಕೊನೆಗೆ ಬಾಕಿ ತೀರಿತಾ?

ಚೀಟಿಗಳ ಬಾಕಿ ತೀರಿತು, ಆದರೆ ದುಡಿದವರಿಗಲ್ಲ. 1783ರಲ್ಲಿ ಸಿಪಾಯಿಗಳನ್ನು ಮನೆಗೆ ಕಳಿಸಿದಾಗ ಕೈಗೆ ಕೊಟ್ಟದ್ದು ಚೀಟಿ. ಊರು ಸೇರಲು ದುಡ್ಡಿಲ್ಲದವರು ಅದನ್ನು ಮುಖಬೆಲೆಯ ಎಂಟನೇ ಒಂದು ಭಾಗದ ಆಸುಪಾಸಿಗೆ ದಲ್ಲಾಳಿಗಳಿಗೆ ಮಾರಿದರು. ಅದೇ ಜೂನ್‌ನಲ್ಲಿ ಬಾಕಿ ಕೇಳಲು ಬಂದ ಸಿಪಾಯಿಗಳು ಸಭಾಭವನ ಸುತ್ತುವರಿದಾಗ ಕಾಂಗ್ರೆಸ್ ಪ್ರಿನ್ಸ್‌ಟನ್‌ಗೆ ಓಡಿತು.

1790ರಲ್ಲಿ ಹೊಸ ಸಂವಿಧಾನದಡಿ ತೆರಿಗೆ ಹಾಕುವ ಅಧಿಕಾರ ಬಂದ ಮೇಲೆ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚೀಟಿಗಳ ಸಾಲವನ್ನು ಮುಖಬೆಲೆಗೇ ಒಪ್ಪಿಕೊಂಡರು. ಲಾಭ ಹೋದದ್ದು ಆಗ ಚೀಟಿ ಯಾರ ಕೈಯಲ್ಲಿತ್ತೋ ಅವರಿಗೆ. ಮೂಲ ಸಿಪಾಯಿಗೂ ಒಂದು ಪಾಲು ಕೊಡೋಣ ಎಂದು ಕಾಂಗ್ರೆಸ್ ಸದಸ್ಯ ಜೇಮ್ಸ್ ಮ್ಯಾಡಿಸನ್ ವಾದಿಸಿ ಸೋತರು. ಹಳೇ ಕಾಗದದ ನೋಟಿಗೆ ಡಾಲರಿಗೆ ಒಂದು ಸೆಂಟ್ ಸಿಕ್ಕಿತು.

ಇದಕ್ಕೂ ನಮ್ಮ ಮೈಸೂರಿಗೂ ಏನಾದ್ರೂ ನಂಟಿದೆಯಾ?

ಇದೆ, ಒಂದು ಹಡಗಿನ ಹೆಸರಿನಲ್ಲಿ. 1780ರಿಂದ ಹೈದರ್ ಅಲಿ ಬ್ರಿಟಿಷರನ್ನು ಕಾಡುತ್ತಿದ್ದ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲೂ ಬರುತ್ತಿತ್ತು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಸರಕು ಹಡಗುಗಳ ಕಾವಲಿಗೆ ಫಿಲಡೆಲ್ಫಿಯಾದ ವ್ಯಾಪಾರಿಗಳು ಮತ್ತು ಪೆನ್ಸಿಲ್ವೇನಿಯಾ ರಾಜ್ಯ ಸೇರಿ ಒಂದು ಹಡಗು ಸಜ್ಜು ಮಾಡಿದರು. ಹೆಸರು ‘ಹೈದರ್ ಅಲಿ’. ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಅದರಲ್ಲಿ ಹೋಗಿ, ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಹಿಡಿದರು. ಹಿಡಿದ ಹಡಗಿಗೆ ‘ಜನರಲ್ ವಾಷಿಂಗ್ಟನ್’ ಅಂತ ಹೊಸ ಹೆಸರಿಟ್ಟರು. ಬಾರ್ನಿ ಅದರಲ್ಲೇ ಫ್ರಾನ್ಸಿಗೆ ಹೋದರು. 1783ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದದ ಸುದ್ದಿಯ ಜೊತೆಗೆ ಫ್ರೆಂಚ್ ಸಾಲದ ಒಂದು ಕಂತನ್ನೂ ತುಂಬಿಕೊಂಡು ಫಿಲಡೆಲ್ಫಿಯಾಕ್ಕೆ ವಾಪಸ್ ಬಂದರು.